ಜೊತೆಗಾರನ ಪಾದ

“ಗುರುಗಳೇ, ನನ್ನಲ್ಲಿ ಏನು ಕೊರತೆಯಿದೆ ಎಂದು ನನಗೇ ಗೊತ್ತಿಲ್ಲವೇ? ಅದನ್ನು ಬೇರೆಯವರ ಬಾಯಿಂದ ಏಕೆ ಕೇಳಬೇಕು?” ಎಂದ ಶಿಷ್ಯ. ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗುರು ಹೇಳಿದರು:

ಒಬ್ಬ ತಂತ್ರಜ್ಞನಿದ್ದ. ಹಿಮದ ಗಡಿಯ ಸೈನಿಕರು ರಜೆ, ಬೂಟು, ವೈದ್ಯರು, ಏನು ಬೇಕಾದರೂ ಮೊಬೈಲಿನಲ್ಲೇ ಕೋರುವ ವ್ಯವಸ್ಥೆಯೊಂದನ್ನು ಕಟ್ಟಿದ. ಅದು ಬಂದ ಮೇಲೆ ಬೇರೆ ದಾರಿಯಲ್ಲಿ ಬಂದ ಕೋರಿಕೆಯನ್ನು ಬೆಟ್ಟದ ಕೆಳಗಿನ ಕಚೇರಿಯವರು ಒಪ್ಪುತ್ತಿರಲಿಲ್ಲ. ಬಳಸಲು ಕಷ್ಟ ಎಂಬ ದೂರು ಬಂತು. ಸುಲಭ ಮಾಡಿಕೊಡು ಎಂದು ಅವನನ್ನೇ ಮೇಲಿನ ಸೈನಿಕ ಠಾಣೆಗೆ ಕಳಿಸಿದರು. ಎದೆಯುಬ್ಬಿಸಿಕೊಂಡೇ ಬೆಟ್ಟ ಹತ್ತಿದ. ಗ್ಲೌಸು ತೊಟ್ಟ ಬೆರಳಿಗೂ ಸಿಗುವಂತೆ ಗುಂಡಿಗಳನ್ನು ದೊಡ್ಡದು ಮಾಡಿದ. ಹನ್ನೊಂದು ಪ್ರಶ್ನೆಗಳನ್ನು ಮೂರಕ್ಕಿಳಿಸಿದ. ಇದಕ್ಕಿಂತ ಸುಲಭ ಮಾಡುವ ಗಂಡು ಇನ್ನೂ ಹುಟ್ಟಿಲ್ಲ ಎಂದುಕೊಂಡ.

ಆ ಠಾಣೆಯಲ್ಲೊಂದು ರೂಢಿ. ದಿನಾ ಬೆಳಿಗ್ಗೆ ಇಬ್ಬಿಬ್ಬರು ಎದುರುಬದುರು ಕೂತು ಕಾಲುಚೀಲ ಬಿಚ್ಚುತ್ತಿದ್ದರು. ತನ್ನ ಪಾದವನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ, ಹಿಮ ಕಚ್ಚಿದೆಯೇ ಎಂದು ಜೊತೆಗಾರನದನ್ನು ನೋಡುತ್ತಿದ್ದರು. ತಂತ್ರಜ್ಞ ಕಂಡು ಒಳಗೊಳಗೇ ನಕ್ಕ.

ಒಂದು ಬೆಳಿಗ್ಗೆ ಸಂಗಪ್ಪನೆಂಬ ಸೈನಿಕ ಜೊತೆಗಾರನ ಪಾದ ಹಿಡಿದವನು ಬಿಡಲಿಲ್ಲ.

“ಲೇ ಫಕೀರಪ್ಪ, ಎರಡು ಬೆರಳು ಬೆಳ್ಳಗ ಆಗ್ಯಾವು. ಡಾಕ್ಟರನ್ನ ಕರಸೋಣು.”

“ಕಾಲು ನಂದು, ನನಗ ನೋವಿಲ್ಲ. ನಿನಗ್ಯಾಕ ಉರಿ? ನನ್ನ ಕೆಳಗ ಕಳಿಸಿ ಇಬ್ಬರ ಪಾಲಿನ ರೇಷನ್ ನೀನ ತಿನ್ನಾವ ಏನ್?”

ಸಂಗಪ್ಪ ಮೊಬೈಲು ತೆಗೆದು ವೈದ್ಯರನ್ನು ಕೋರಿದ. ರೋಗಿಯೇ ಹೆಬ್ಬೆರಳು ಒತ್ತಬೇಕು ಎಂದಿತು ಅದು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಕೇಳಬಾರದೆಂದು ತಂತ್ರಜ್ಞನೇ ಹಾಕಿದ್ದ ಬೀಗ. ಫಕೀರಪ್ಪ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

ತಂತ್ರಜ್ಞ ತನ್ನ ಬೀಗವನ್ನು ತಾನೇ ಕಳಚಲು ಕೂತ. ಆಗಲಿಲ್ಲ. ಎದ್ದ, ಓಡಾಡಿದ, ಮತ್ತೆ ಕೂತ. ಕಳಚುವಷ್ಟರಲ್ಲಿ ಎರಡು ದಿನ ಕಳೆದವು. ವೈದ್ಯರು ಬಂದಾಗ ಬೆರಳುಗಳು ಕಪ್ಪಾಗಿದ್ದವು. ಎರಡನ್ನೂ ಕತ್ತರಿಸಬೇಕಾಯಿತು.

ಬೆಟ್ಟ ಇಳಿಯುವ ಮುಂಚೆ ತಂತ್ರಜ್ಞ ಇನ್ನೊಂದೇ ತಿದ್ದುಪಡಿ ಮಾಡಿದ. ತೆರೆದ ಕೂಡಲೇ ‘ನಿನಗೇನು ಬೇಕು’ ಎನ್ನುತ್ತಿದ್ದ ಮೊಬೈಲು ಈಗ ‘ನಿನ್ನ ಜೊತೆಗಾರನಿಗೆ ಏನು ಬೇಕು’ ಎಂದು ಕೇಳುತ್ತದೆ.

ಕತೆ ಮುಗಿಯುವುದನ್ನೇ ಕಾಯುತ್ತಿದ್ದ ಶಿಷ್ಯ ಎದ್ದು ನಿಂತ. “ಅವನ ಕಾಲು ಮರಗಟ್ಟಿತ್ತು, ತಿಳಿಯಲಿಲ್ಲ. ನನಗೇನಾಗಿದೆ, ಗಟ್ಟಿಯಾಗಿಯೇ ಇದ್ದೇನಲ್ಲ?”

“ಸರಿ, ನಿನ್ನ ಜೊತೆಗಾರನನ್ನು ಕರೆ, ಈ ಮಾತನ್ನು ಅವನು ಹೇಳಲಿ,” ಎಂದರು ಗುರು.