ಯಾವ ಕಡೆಗೂ ವಾಲದ ವಾಕ್ಯ

“ಗುರುಗಳೇ, ಯಾವ ಕಡೆಗೂ ವಾಲದ ಹಾಗೆ ಒಂದು ವಾಕ್ಯ ಬರೆಯುವುದು ಹೇಗೆ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಮಠದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಿತ್ತು. ಹೊರದೇಶಗಳಿಗೆ ನೆರವು ಕೊಡಬೇಕೋ ಬೇಡವೋ ಎಂಬುದು ವಿಷಯ. ಅದನ್ನು ಒಂದು ವಾಕ್ಯಕ್ಕೆ ಇಳಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಹತ್ತು ದಿನಗಳಿಂದ ಬರೆಯುತ್ತಿದ್ದ, ಹೊಡೆದುಹಾಕುತ್ತಿದ್ದ.

ಗುರುಗಳು ಅವನ ಕೈಯಲ್ಲಿದ್ದ ಹಾಳೆಯನ್ನು ನೋಡಲಿಲ್ಲ. ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಪಂಡಿತನಿದ್ದ. ಅಲ್ಲಿನ ಅರಸ ದೊಡ್ಡ ಸಂಗತಿಗಳನ್ನೆಲ್ಲ ವಾದಕ್ಕೆ ಬಿಡುತ್ತಿದ್ದ. ಗೆದ್ದ ಪಕ್ಷದ ಮಾತೇ ಆಜ್ಞೆ. ವಾದದ ವಾಕ್ಯ ಕಟ್ಟಿಕೊಡುವವನು ಈ ಪಂಡಿತ. ಹನ್ನೆರಡು ವರ್ಷಗಳಲ್ಲಿ ಅವನ ವಾಕ್ಯ ಒಂದು ಪಕ್ಷಕ್ಕೆ ವಾಲಿತೆಂದು ಯಾರೂ ದೂರಿರಲಿಲ್ಲ. ಅದೇ ಅವನ ಹೆಮ್ಮೆ.

ಒಂದು ವರ್ಷ ಬೆಟ್ಟದಾಚೆಯ ನಾಡಿನ ಪೈರನ್ನೆಲ್ಲ ಮಿಡತೆಗಳು ತಿಂದುಹಾಕಿದವು. ಅಲ್ಲಿಂದ ಒಬ್ಬ ಹೆಂಗಸು ಧಾನ್ಯ ಕೇಳಲು ನಡೆದು ಬಂದಳು. ಅರಸ ಸಂಗತಿಯನ್ನು ವಾದಕ್ಕಿಟ್ಟ. ವಾಕ್ಯ ಸಿದ್ಧವಾಗುವವರೆಗೆ ಪಂಡಿತನ ಮನೆಯ ಜಗುಲಿಯಲ್ಲಿ ಕಾಯುವಂತೆ ಅವಳಿಗೆ ಹೇಳಿದರು.

ಪಂಡಿತ ಮೊದಲು ಹೀಗೆ ಬರೆದ: ‘ಹಸಿದ ನೆರೆನಾಡಿಗೆ ಧಾನ್ಯ ಕೊಡುವುದು ಉಚಿತ.’ ಓದಿ ನೋಡಿದ. ‘ಹಸಿದ’ ಎಂದ ಕೂಡಲೇ ಕೊಡಬೇಕೆನ್ನುವವರಿಗೆ ಅರ್ಧ ಗೆಲುವು ಸಿಕ್ಕಿಬಿಡುತ್ತದೆ. ನಾಲ್ಕು ದಿನ ಯೋಚಿಸಿ ಆ ಪದವನ್ನು ಹೊಡೆದ. ಹೊರಗೆ ಬಂದಾಗ ಹೆಂಗಸು ಜಗುಲಿಯ ನಡುವಿನಿಂದ ಕಂಬದ ಕಡೆಗೆ ಸರಿದು ಕೂತಿದ್ದಳು.

‘ನೆರೆ’ ಎಂಬುದೂ ಸರಿಬರಲಿಲ್ಲ. ಅದರಲ್ಲಿ ನಂಟಿನ ವಾಸನೆಯಿತ್ತು. ಎಂಟು ದಿನಗಳ ಮೇಲೆ ‘ಪರನಾಡು’ ಎಂದು ತಿದ್ದಿದ. ಹೆಂಗಸು ಜಗುಲಿಯ ತುದಿಗೆ ಬಂದಿದ್ದಳು. ಪಂಡಿತನ ಹೆಂಡತಿ ಜಗುಲಿ ಗುಡಿಸುವುದನ್ನೇ ಬಿಟ್ಟಿದ್ದಳು. ಯಾಕೆಂದು ಕೇಳಿದರೆ, “ಪೊರಕೆ ಆಡಿಸಲು ಜಾಗವಿಲ್ಲ” ಎಂದಳು. ಪಂಡಿತ ನೋಡಿದ. ತುದಿಯಲ್ಲಿ ಕೂತ ಆ ಹೆಂಗಸಿನ ಹೊರತು ಜಗುಲಿ ಖಾಲಿಯಿತ್ತು.

ಇನ್ನು ‘ಉಚಿತ’. ಯೋಗ್ಯವೆಂದೋ, ಪುಕ್ಕಟೆಯೆಂದೋ? ಅದಕ್ಕೆ ಇಪ್ಪತ್ತು ದಿನ ಹಿಡಿಯಿತು. ಬಾಗಿಲಾಚೆ ಬಹಳ ಮಂದಿ ಒಟ್ಟಿಗೆ ಉಸಿರಾಡಿದಂತೆ ಅವನಿಗೆ ಕೇಳಿಸುತ್ತಿತ್ತು. ಗಾಳಿಯೆಂದುಕೊಂಡು ಎದ್ದು ಬಂದ. ಅಂಗಳದ ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹೆಂಗಸು ಕೆಳಗಿಳಿದು ಬಿಸಿಲಲ್ಲಿ ನಿಂತಿದ್ದಳು.

ಕೊನೆಗೆ ವಾಕ್ಯ ಸಿದ್ಧವಾಯಿತು: ‘ಪರನಾಡಿಗೆ ಧಾನ್ಯ ಕೊಡುವುದು ಸರಿ.’ ಎರಡೂ ಪಕ್ಷದವರು ಮೆಚ್ಚಿ ತಲೆದೂಗಿದರು. ವಾದ ನಡೆಯಿತು. ಕೊಡಬೇಕೆಂದವರು ಗೆದ್ದರು. ಧಾನ್ಯದ ಗಾಡಿಗಳು ಬೆಟ್ಟ ದಾಟಿ ಹೋದವು. ಹೋದ ಹಾಗೆಯೇ ತುಂಬಿಕೊಂಡು ಹಿಂದಿರುಗಿದವು.

“ಅಲ್ಲಿ ಯಾರೂ ಇಲ್ಲ ಸ್ವಾಮಿ” ಎಂದ ಗಾಡಿಯವನು. “ಒಲೆಗಳಲ್ಲಿ ಹುಲ್ಲು ಬೆಳೆದಿದೆ.”

ಪಂಡಿತ ಓಡುತ್ತ ಮನೆಗೆ ಬಂದ. ಹೆಂಗಸು ಅಂಗಳದಲ್ಲೇ ಇದ್ದಳು.

“ನಿಮ್ಮ ಜನ ಎಲ್ಲಿಗೆ ಹೋದರಮ್ಮ?”

“ಎಲ್ಲಿಗೂ ಹೋಗಿಲ್ಲ. ನೀವು ಒಂದೊಂದು ಪದ ಹೊಡೆದಾಗಲೂ ಒಂದಷ್ಟು ಮಂದಿ ಬಂದು ಇಲ್ಲಿ ಕೂತರು. ಒಳಗೆ ಹೋಗುವಾಗ ನೋಡಿಕೊಂಡು ಕಾಲಿಡಿ, ಮಕ್ಕಳು ಮಲಗಿವೆ.”

ಪಂಡಿತ ಮೆಟ್ಟಿಲ ಬಳಿ ನಿಂತ. ಕಾಲೆತ್ತಿದ, ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಬದುಕಿರುವವರೆಗೂ ಅವನು ತನ್ನ ಮನೆಯ ಒಳಗೆ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕೈಯಲ್ಲಿದ್ದ ಹಾಳೆಯನ್ನು ಮಡಿಸಿದ. ಆದರೂ ಕೇಳಿದ: “ಅಷ್ಟು ತಿದ್ದಿ ಬರೆದ ವಾಕ್ಯದಲ್ಲಿ ತಪ್ಪೇನಿತ್ತು ಗುರುಗಳೇ?”

“ತಪ್ಪೇನೂ ಇರಲಿಲ್ಲ” ಎಂದರು ಗುರುಗಳು. “ಯಾರೂ ಇರಲಿಲ್ಲ.”