ಮೈಲಾರಿ ಉಣ್ಣೆಗೆ ಬಣ್ಣ ಹಾಕಿದ್ದು

ಹೂಂಗುಟ್ಟುವವರು ಮುಂದೆ ಬಂದು ಕೂತುಕೊಳ್ಳಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ಇದು ಕುರುಬರ ಹೊನ್ನವ್ವ ಮತ್ತು ಅವಳ ಮಗ ಮೈಲಾರಿಯ ಕತೆ.

ಮೈಲಾರಿ ಮೀಸೆ ಬಂದ ಗಂಡಸು. ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಹೊನ್ನವ್ವನ ಗೋಳೆಲ್ಲ ಅದೇ. ಒಲೆ ಮುಂದಿನಿಂದ ಏಳಬೇಡ ಅಂದರೆ ಹಾಲು ಉಕ್ಕಿ ನೆಲದ ಮೇಲೆ ಹರಿದರೂ ಏಳುತ್ತಿರಲಿಲ್ಲ.

ಹೊನ್ನವ್ವನಿಗೆ ಇನ್ನೊಂದು ಸಂಕಟವಿತ್ತು. ಮಗಳು ನಿಂಗಿಯನ್ನು ಹೊಳೆಯಾಚೆಯ ಊರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಬೀಗರ ಮನೆ ತುಂಬ ಕುರಿ, ಕೈತುಂಬ ಕೆಲಸ. ಇವತ್ತು ಕಳಿಸುತ್ತೇವೆ, ನಾಳೆ ಕಳಿಸುತ್ತೇವೆ ಅನ್ನುತ್ತಲೇ ಅವರು ಕಳಿಸಿರಲಿಲ್ಲ. ಸಂಜೆಯ ಬಸ್ಸು ಊರ ಮುಂದೆ ನಿಂತಾಗೆಲ್ಲ ಹೊನ್ನವ್ವ ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಬಸ್ಸು ಹೋದ ಮೇಲೆ ಒಳಗೆ ಹೋಗುತ್ತಿದ್ದಳು.

ಈಗ ನಿಂಗಿಗೆ ಏಳು ತಿಂಗಳು. ಅಮಾವಾಸ್ಯೆ ಕಳೆದ ಮೇಲೆ ಬಾಣಂತನಕ್ಕೆ ಕರೆದುಕೊಂಡು ಹೋಗಿ ಎಂದು ಬೀಗರು ಹೇಳಿ ಕಳಿಸಿದ್ದರು. ಚಿಕ್ಕವಳಿದ್ದಾಗ ನಿಂಗಿ, "ಯವ್ವಾ, ನಮ್ಮ ಮನ್ಯಾಗಿನ ಕಂಬಳಿ ಎಲ್ಲಾ ಕರೇವು. ನನಗೊಂದು ಕೆಂಪಂದು ಬೇಕು" ಎಂದು ಹಟ ಹಿಡಿದಿದ್ದಳು. "ನೀ ಬಾಣಂತನಕ್ಕ ಬಂದಾಗ ಹಾಸ್ತೀನಿ, ಸುಮ್ಮನಿರು" ಎಂದು ಹೊನ್ನವ್ವ ಮಾತು ಕೊಟ್ಟಿದ್ದಳು.

ಕರಿ ಕುರಿಗಳ ಹಿಂಡಿನಲ್ಲಿ ಒಂದೇ ಒಂದು ಬಿಳಿ ಕುರಿ ಇತ್ತು. ತಾಯಿ ಸತ್ತ ಆ ಮರಿಗೆ ಹಾಲುಣಿಸಿ ಸಾಕಿದವಳು ನಿಂಗಿಯೇ. ಅವಳು ಗಂಡನ ಮನೆಗೆ ಹೋದ ಮೇಲೆ ವರ್ಷಕ್ಕೆ ಎರಡು ಸಲದಂತೆ ಅದರ ಉಣ್ಣೆ ಕತ್ತರಿಸಿ ಹೊನ್ನವ್ವ ಒಂದೊಂದು ಗಂಟು ಕಟ್ಟಿಟ್ಟಿದ್ದಳು. ನಾಲ್ಕು ಗಂಟು, ಎರಡು ವರ್ಷ. ಹೊನ್ನವ್ವನ ಗಂಡ ಹಿಂಡು ಹೊಡೆದುಕೊಂಡು ತೆಂಕಲಿಗೆ ಹೋಗಿದ್ದ. ದೂರ ನಡೆಯಲಾರದ ಹನ್ನೊಂದು ಮರಿಗಳೂ ಆ ಬಿಳಿ ಕುರಿಯೂ ಮನೆಯಲ್ಲಿದ್ದವು. ಅವಕ್ಕೆ ಸೊಪ್ಪು ತಪ್ಪಲು ತರಲು ಹೊನ್ನವ್ವ ಅಡವಿಗೆ ಹೋಗಲೇಬೇಕು. ಹೀಗಾಗಿ ಬಣ್ಣದ ಗಡಿಗೆ ಮೈಲಾರಿಯ ಪಾಲಿಗೆ ಬಂತು.

"ಕೆಂಪಿಗೆ ಮಂಜಿಷ್ಠದ ಬೇರು ಕುದಿಸಿ ಇಟ್ಟೀನಿ, ಬಣ್ಣ ಹಿಡೀಲಂತ ಪಟಕಾನೂ ಹಾಕೀನಿ. ಒಂದು ಗಂಟು ಉಣ್ಣಿ ಹಾಕಿ ಕಾಯಿಸು, ಅಷ್ಟ ಸಾಕು" ಅಂದು ಹೋದಳು.

ಮೈಲಾರಿ ಅಷ್ಟೇ ಮಾಡಿದ. ಗಂಟು ಬಿಚ್ಚಿ ಗಡಿಗೆಗೆ ಹಾಕಿ ಕಾಯಿಸಿದ. ಸಂಜೆ ನೋಡಿದರೆ ಅಲ್ಲೊಂದಿಷ್ಟು ಕೆಂಪು, ಇಲ್ಲೊಂದಿಷ್ಟು ಬಿಳುಪು. ಹೊನ್ನವ್ವ ಮುಟ್ಟಿ ನೋಡಿದಳು, ಬೆರಳಿಗೆ ಜಿಡ್ಡು ಹತ್ತಿತು.

"ಹುಚ್ಚಪ್ಯಾಲಿ, ತೊಳೀದ ಹಾಕೀಯೇನಲೇ? ಜಿಡ್ಡಿದ್ದಲ್ಲಿ ಬಣ್ಣ ಎಲ್ಲಿ ಕೂಡತೈತಿ? ಅಂಟವಾಳದ ನೀರಾಗ ಜಿಡ್ಡು ಬಿಡೋತನಕ ತಿಕ್ಕಬೇಕು."

"ಆತವ್ವ, ತಿಕ್ಕತೀನಿ."

ಮರುದಿನ ಎರಡನೇ ಗಂಟು. ಮೈಲಾರಿ ಅಂಟವಾಳದ ನೊರೆ ಮಾಡಿದ, ಬಿಸಿನೀರು ಹುಯ್ದ, ಒಗೆಯುವ ಕಲ್ಲಿನ ಮೇಲೆ ಹಾಕಿ ತಿಕ್ಕಿದ. ಬೆವರು ಒರೆಸಿಕೊಂಡು ಮತ್ತೆ ತಿಕ್ಕಿದ. ಉಣ್ಣೆ ಎಳೆ ಎಳೆಗೆ ಸಿಕ್ಕಿ ದಪ್ಪ ರೊಟ್ಟಿಯ ಹಾಗೆ ಗಟ್ಟಿಯಾಯಿತು. ಅದನ್ನೇ ಬಣ್ಣಕ್ಕೆ ಹಾಕಿದ. ಹೊನ್ನವ್ವ ಬಂದು ಕಷ್ಟಪಟ್ಟು ಹರಿದು ನೋಡಿದರೆ ಮೇಲೆ ಕೆಂಪು, ಒಳಗೆ ಬೆಳ್ಳಗೆ.

"ಅಯ್ಯ ನನ್ನ ಕರ್ಮ. ಉಣ್ಣಿ ಹಸುಗೂಸು ಇದ್ದಂಗಪಾ. ಸುಮ್ಮನ ನೆನೆ ಹಾಕಿ ಬಿಡಬೇಕು. ತಿಕ್ಕಿದ್ರ ಗಂಟಾಗತೈತಿ. ಕೈ ಆಡಿಸಬ್ಯಾಡ."

"ಆತವ್ವ, ಕೈ ಆಡಿಸೂದಿಲ್ಲ."

ಮೂರನೇ ಗಂಟನ್ನು ಚೆನ್ನಾಗಿಯೇ ನೆನೆ ಹಾಕಿದ, ಜಿಡ್ಡೂ ಬಿಟ್ಟಿತು. ಆಮೇಲೆ ಬಣ್ಣದ ಗಡಿಗೆಗೆ ಒತ್ತಿ ಒತ್ತಿ ತುರುಕಿ, ಉರಿ ಹಚ್ಚಿ, ಕೈಕಟ್ಟಿ ಕೂತ. ತಳ ಹೊತ್ತಿದ ವಾಸನೆ ಓಣಿಗೆಲ್ಲ ಹೋಯಿತು. ಮೈಲಾರಿ ಕೈ ಬಿಚ್ಚಲಿಲ್ಲ. ತಳದ ಉಣ್ಣೆ ಕಪ್ಪಾಗಿತ್ತು, ಮೇಲಿನದಕ್ಕೆ ಬಣ್ಣವೇ ಏರಿರಲಿಲ್ಲ.

ಅವತ್ತು ಹೊನ್ನವ್ವ ಹೊತ್ತಿದ ಉಣ್ಣೆಯನ್ನು ಕೈಗೆ ತೆಗೆದುಕೊಂಡಳು. ಗಡಿಗೆಯ ಮುಂದೆ ಕುಕ್ಕರಿಸಿದಳು. ಮೂರು ಗಂಟು ಹೋದವು, ಅಂದರೆ ಮಗಳ ದಾರಿ ಕಾದ ಒಂದೂವರೆ ವರ್ಷ ಹೋಯಿತು ಅನ್ನಿಸಿತು ಅವಳಿಗೆ. ಬಿಳಿ ಕುರಿ ಬಂದು ಅವಳ ಹೆಗಲು ಮೂಸಿತು.

"ಯವ್ವಾ, ಕೈ ಆಡಿಸಿಲ್ಲವ್ವ" ಅಂದ ಮೈಲಾರಿ.

"ಗೊತ್ತಾತಪಾ. ತೊಳಿಯೂದು ಬ್ಯಾರೆ, ಬಣ್ಣ ಹಾಕೂದು ಬ್ಯಾರೆ. ಬಣ್ಣದಾಗ ಮೆಲ್ಲಕ ತಿರುವತಾ ಇರಬೇಕು. ಇಕ್ಕಟ್ಟು ಮಾಡಬಾರದು. ಉಣ್ಣಿಗೆ ಈಜಾಡಾಕ ಜಾಗ ಕೊಡು."

"ಆತವ್ವ, ಜಾಗ ಕೊಡತೀನಿ."

ಕೊಟ್ಟ ನೋಡಿ ಜಾಗ! ಒಂದೊಂದು ಹಿಡಿ ಉಣ್ಣೆಗೆ ಒಂದೊಂದು ಪಾತ್ರೆ. ಕಬ್ಬಿಣದ ಬಾಣಲೆ, ತಾಮ್ರದ ಹಂಡೆ, ಮಣ್ಣಿನ ಗಡಿಗೆ, ಓಣಿಯವರ ಕೊಳಗ, ಏಳು ಪಾತ್ರೆ, ಏಳು ಒಲೆ. ಅತ್ತ ಓಡಿ ತಿರುವಿದ, ಇತ್ತ ಓಡಿ ತಿರುವಿದ. ಬಾಣಲೆಯದು ಕಪ್ಪಗಾಯಿತು, ಹಂಡೆಯದು ಕಂದು ಬಣ್ಣಕ್ಕೆ ತಿರುಗಿತು, ಗಡಿಗೆಯದು ಇಟ್ಟಂಗಿ ಬಣ್ಣ. ನೀರು ಸೋರುತ್ತಿದ್ದ ಅಷ್ಟನ್ನೂ ಒಳಗೆ ತಂದು, ನಿಂಗಿಗೆಂದು ಹೊಲಿದಿಟ್ಟ ಹೊಸ ಕೌದಿಯ ಮೇಲೆ ಹರವಿದ.

ಈ ಸಲ ಹೊನ್ನವ್ವ ಬೈದೇ ಬಿಟ್ಟಳು. "ನಿನ್ನ ಕೈಗೆ ಬೆಂಕಿ ಹಾಕ್ಲಿ! ಒಂದ ಉಣ್ಣಿಗೆ ಒಂದ ಗಡಿಗಿ, ಒಂದ ನೀರು ಇರಬೇಕು. ಇನ್ನ ಮ್ಯಾಲ ಬಣ್ಣ ಸಮ ಹಿಡೀಲಾರದ್ದನ್ನ ಮನಿಯೊಳಗ ತರಬ್ಯಾಡ. ಹೊರಗ ನೆಳ್ಳಾಗ ಇಡು. ನಾ ಬಂದು ನೋಡಿ ಹೂಂ ಅಂದ್ರಷ್ಟ ಒಳಗ."

"ಆತವ್ವ."

ಉಣ್ಣೆ ಮುಗಿದಿತ್ತು. ಹೊನ್ನವ್ವ ಅಳುತ್ತಲೇ ಕೆಟ್ಟ ನಾಲ್ಕೂ ಗಂಟಿನಲ್ಲಿ ಕೈಗೆ ಬಂದಷ್ಟನ್ನು ಬೆರೆಸಿ ಹಿಂಜಿದಳು, ನೂತಳು, ನೆಯ್ಗೆಯವನಿಗೆ ಕೊಟ್ಟಳು. ಬಂದ ಕಂಬಳಿ ಕೆಂಪು ಅಂದರೆ ಕೆಂಪಲ್ಲ, ಕಪ್ಪು ಅಂದರೆ ಕಪ್ಪಲ್ಲ. ಕೊಟ್ಟ ಮಾತು ಕೆಟ್ಟಿತೆಂದು ನಾಚಿ ಅದನ್ನು ಜೋಳದ ಚೀಲದ ಹಿಂದೆ ಬಚ್ಚಿಟ್ಟಳು.

ಅಮಾವಾಸ್ಯೆ ಕಳೆಯಿತು. "ಹೋಗಿ ಅಕ್ಕನ್ನ ಕರಕೊಂಡು ಬಾ. ದಾರಿ ಅಕಿಗೆ ಗೊತ್ತೈತಿ, ನೀ ಗಂಟು ಹೊತ್ತರ ಸಾಕು" ಎಂದು ಮೈಲಾರಿಯನ್ನು ಕಳಿಸಿದಳು. ಸಾರಿಸಿದ ನೆಲವನ್ನೇ ಮತ್ತೆ ಸಾರಿಸಿದಳು. ಬಸ್ಸು ಬಂತು, ನಿಂತಿತು, ಹೋಯಿತು. ಮೈಲಾರಿ ಒಬ್ಬನೇ ಬಂದ.

ಹೊನ್ನವ್ವ ಬಾಗಿಲು ದಾಟಿ ಅವನ ಹಿಂದೆ ಇಣುಕಿದಳು. "ನಿಂಗಿ ಎಲ್ಲಿ? ಕಳಸಲಿಲ್ಲೇನು ಈ ಸಲಾನೂ?"

"ಕಳಿಸ್ಯಾರವ್ವ."

"ಮತ್ತ ಎಲ್ಲಿ ಅದಾಳೋ?"

"ಅಕ್ಕನ ಮಾರಿಗೆ ಬಣ್ಣ ಸಮ ಹಿಡಿದಿಲ್ಲವ್ವ. ಕೆನ್ನಿ ಮ್ಯಾಲ ಅಲ್ಲಲ್ಲಿ ಕಪ್ಪಾಗೈತಿ. ಅದಕ್ಕ ಒಳಗ ತರಲಿಲ್ಲ. ಊರ ಮುಂದಿನ ಬೇವಿನ ಮರದ ನೆಳ್ಳಾಗ ಇಟ್ಟು ಬಂದೀನಿ. ನೀ ನೋಡಿ ಹೂಂ ಅನ್ನು."

ಹೊನ್ನವ್ವ ಬೈಯಲು ನಿಲ್ಲಲಿಲ್ಲ. ಚೀಲದ ಹಿಂದಿನ ಕಂಬಳಿ ಎಳೆದುಕೊಂಡವಳೇ ಓಡಿದಳು. ಬಿಳಿ ಕುರಿಯೂ ಬೆನ್ನು ಹತ್ತಿತು.

ಬೇವಿನ ಬುಡದಲ್ಲಿ ನಿಂಗಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಬಸುರಿಯರಿಗೆ ಬರುವ ಬಂಗು ಎರಡೂ ಕೆನ್ನೆಗೆ ಹಬ್ಬಿತ್ತು. "ತಮ್ಮ ಹೇಳಿದ್ದು ಖರೇನವ್ವ. ಕನ್ನಡಿ ನೋಡಾಕ ನನಗ ನಾಚಿಕಿ. ಒಳಗ ಕರಕೊಳ್ತಿಯೋ ಇಲ್ಲೋ?" ಎಂದು ನಕ್ಕಳು. ನಗುನಗುತ್ತ ಅತ್ತುಬಿಟ್ಟಳು.

ಹೊನ್ನವ್ವ ಕಂಬಳಿಯನ್ನು ಮಗಳಿಗೆ ಹೊದಿಸಿದಳು. "ಇದಕ್ಕೂ ಬಣ್ಣ ಸಮ ಹಿಡಿದಿಲ್ಲ ಮಗಳ. ಎರಡು ವರ್ಷ ಕಾದು ಇಷ್ಟ ಮಾಡೀನಿ" ಅಂದಳು. ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ತುಂಬ ನೋಡಿ, "ಹೂಂ" ಅಂದಳು. ಸೆರಗಿನಿಂದ ಮಗಳ ಕೆನ್ನೆ ಒರೆಸಿದಳು, ಕಣ್ಣೀರು ನಿಲ್ಲದೆ ಮತ್ತೆ ಮತ್ತೆ ಒರೆಸಿದಳು.

ಹಿಂದಿನಿಂದ ಮೈಲಾರಿ ಓಡಿ ಬಂದು ಅವ್ವನ ಕೈ ಹಿಡಿದ.

"ಯವ್ವಾ, ತಿಕ್ಕಬ್ಯಾಡ. ಅಕ್ಕ ಗಂಟಾಗತಾಳ."