ಪುನುಗು ಬೆಕ್ಕು ಪೇಟೆಯಿಂದ ತಂದ ಮಾತುಗಳು

ಆನೆಗಳು ನೀರಿಗೆ ಇಳಿಯುವ ದಾರಿಯ ಪಕ್ಕದ ಒಂದು ಕಾಡಿನಲ್ಲಿ ಹಳೆಯ ಮತ್ತಿಮರವೊಂದಿತ್ತು. ಅದರ ಬುಡದಲ್ಲಿ ದೊಡ್ಡ ಪೊಟರೆ. ಆ ಪೊಟರೆಯೇ ಕಾಡಿನ ಕಣಜ. ಬೇಸಿಗೆಯುದ್ದಕ್ಕೂ ಪ್ರಾಣಿಗಳು ತಮಗೆ ಸಿಕ್ಕಿದ್ದರಲ್ಲಿ ಒಂದು ಪಾಲನ್ನು ತಂದು ಅಲ್ಲಿ ಸುರಿಯುತ್ತಿದ್ದವು. ಬಿದಿರಕ್ಕಿ, ಒಣಗಿದ ನೆಲ್ಲಿಕಾಯಿ, ಒಣಗಿದ ಎಲಚಿ ಹಣ್ಣು. ಎಲಚಿಯನ್ನು ನಮ್ಮೂರ ಕಡೆ ಬೋರೆ ಅನ್ನುತ್ತಿದ್ದರು. ಹೆಸರು ಯಾವುದಾದರೇನು, ಹುಳಿ ಒಂದೇ. ಆಷಾಢದ ಜಡಿಮಳೆ ಹಿಡಿದಾಗ ಹೊರಗೆ ಹೋಗಲಾರದ ಮುದುಕರು, ಬಾಣಂತಿಯರು, ಮರಿಗಳು ಇದನ್ನೇ ತಿಂದು ಬದುಕಬೇಕು.

ಕಣಜಕ್ಕೆ ಬಾಗಿಲಿರಲಿಲ್ಲ. ಒಂದು ಪದ್ಧತಿ ಇತ್ತು. ತೆಗೆದುಕೊಳ್ಳುವವರು ಪೊಟರೆಯ ಮುಂದೆ ನಿಂತು ಮೂರು ಮಾತು ಗಟ್ಟಿಯಾಗಿ ಹೇಳಬೇಕು. ಯಾರು, ಎಷ್ಟು, ಯಾರಿಗೆ.

"ಕರಡಿ ಜವರ. ಎರಡು ಬೊಗಸೆ. ನನಗೇ, ಹಸಿವು ತಡೆಯಲಿಲ್ಲ" ಎಂದು ಕರಡಿ ಕೂಗುತ್ತಿತ್ತು. ಎಲ್ಲರೂ ನಗುತ್ತಿದ್ದರು. ಬೇಡ ಅಂತ ಯಾರೂ ಅನ್ನುತ್ತಿರಲಿಲ್ಲ.

ಕಣಜ ಕಾಯುತ್ತಿದ್ದದ್ದು ಮುಳ್ಳುಹಂದಿ ಅಜ್ಜಿ. ಒಂದು ವರ್ಷ ಅಜ್ಜಿಗೆ ಕಣ್ಣು ಮಂಜಾಯಿತು. ಅದೇ ಹೊತ್ತಿಗೆ ಪುನುಗು ಬೆಕ್ಕು ಪುಟ್ಟಸ್ವಾಮಿ ಪೇಟೆಯಿಂದ ಕಾಡಿಗೆ ಹಿಂತಿರುಗಿತ್ತು. ಅದು ಪೇಟೆಯಲ್ಲಿ ಒಂದು ಕಚೇರಿಯ ಅಟ್ಟದ ಮೇಲೆ ಮೂರು ವರ್ಷ ವಾಸವಾಗಿತ್ತು. ಕೆಳಗೆ ದೊಡ್ಡ ಮೇಜಿನ ಸುತ್ತ ಜನ ಕೂರುತ್ತಿದ್ದರು. ಯಾರೋ ಒಬ್ಬರು ಎದ್ದು ಒಂದು ಇಂಗ್ಲಿಷ್ ಮಾತು ಹೇಳುತ್ತಿದ್ದರು. ಮಿಕ್ಕವರು ತಲೆ ತೂಗುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಮನೆಗೆ ಹೋಗುತ್ತಿದ್ದರು. ಮಾತಿನ ಅರ್ಥ ಪುನುಗಿಗೆ ಪೂರ್ತಿ ತಿಳಿಯಲಿಲ್ಲ. ಅದನ್ನು ಹೇಳಿದ ಮೇಲೆ ಯಾರೂ ಏನೂ ಕೇಳುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

"ಅಜ್ಜಿ, ನೀವು ಬೆಚ್ಚಗೆ ಕೂತ್ಕೊಳ್ಳಿ. ಕಣಜ ನಾನು ನೋಡ್ಕೋತೀನಿ" ಎಂದಿತು ಪುನುಗು. "ಆದರೆ ಈ ಕೂಗಾಟ ಬೇಡ. ಪೇಟೆಯವರು ಕೇಳಿದರೆ ನಗ್ತಾರೆ. ವಾರಕ್ಕೊಂದು ಸಲ ನಾನೇ ಎಲ್ಲಾ ತಿಳಿಸ್ತೀನಿ."

ಪೇಟೆಯವರು ನಗುತ್ತಾರೆ ಅಂದರೆ ಯಾರಿಗೆ ತಾನೇ ನಾಚಿಕೆಯಾಗುವುದಿಲ್ಲ? ಪ್ರಾಣಿಗಳು ಒಪ್ಪಿಕೊಂಡವು.

ಮೊದಲ ವಾರ ಕಣಜದ ಒಂದು ಮೂಲೆ ಖಾಲಿಯಾಗಿತ್ತು.

"ಶಾರ್ಟೇಜ್" ಎಂದಿತು ಪುನುಗು.

ಎರಡನೆಯ ವಾರ ನೆಲ್ಲಿಕಾಯಿ ಅರ್ಧಕ್ಕೆ ಇಳಿದಿತ್ತು.

"ವೇಸ್ಟೇಜ್."

ಮೂರನೆಯ ವಾರ ಎಲಚಿ ಹಣ್ಣು ಕಾಣಲೇ ಇಲ್ಲ. ಪುನುಗು ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಹೇಳಿತು. "ಡಿಪ್ರಿಸಿಯೇಷನ್."

"ಎಂಥಾ ಮಾತು" ಎಂದು ಕರಡಿ ಬೆರಗಾಯಿತು. "ಬಾಯಿ ತುಂಬ ಇದೆ."

ಕಾಡಿಗೆಲ್ಲ ಈ ಮಾತುಗಳ ಹುಚ್ಚು ಹಿಡಿಯಿತು. ಮುಸುವ ತನ್ನ ಬಾಲದ ತುದಿಯನ್ನು ಹಿಡಿದು ತೋರಿಸಿ, "ಇಲ್ಲಿ ಕೂದಲು ಉದುರಿದೆ ನೋಡಿ, ಡಿಪ್ರಿಸಿಯೇಷನ್ ಇರಬೇಕು" ಎಂದಿತು. ಕರಡಿ ಒಂದು ಜೇನುಹುಟ್ಟನ್ನು ತಾನೊಂದೇ ತಿಂದು, ಮನೆಗೆ ಹೋಗಿ ಹೆಂಡತಿಗೆ "ಜೇನು ಶಾರ್ಟೇಜ್ ಕಣೇ" ಎಂದಿತು. ಅವಳು ಅದರ ಮೂತಿ ಮೂಸಿ ನೋಡಿ ಎರಡು ಬಿಟ್ಟಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮುಳ್ಳುಹಂದಿ ಅಜ್ಜಿ ಒಮ್ಮೆ ಕೇಳಿತು. "ಅಪ್ಪಾ ಪುಟ್ಟಸ್ವಾಮಿ, ಆ ಡಿಪ್ರಿ ಅಂತೀಯಲ್ಲ, ಅದು ದಿನಕ್ಕೆ ಎಷ್ಟು ತಿನ್ನುತ್ತೆ?"

"ಅಜ್ಜಿ, ಅದು ತಿನ್ನೋದಿಲ್ಲ. ಆಗುತ್ತೆ."

ಎಲ್ಲರೂ ಅಜ್ಜಿಯ ಕಡೆ ತಿರುಗಿ ನೋಡಿದರು. ಏನೋ ಕೇಳಬಾರದ್ದನ್ನು ಕೇಳಿದೆನೇನೋ ಎಂದುಕೊಂಡು ಅಜ್ಜಿ ಸುಮ್ಮನಾಯಿತು.

ಆಷಾಢ ಬಂತು. ಗಾಳಿ, ಮಳೆ ಎರಡೂ ಹಗಲಿರುಳು ಬಿಡಲಿಲ್ಲ. ಅದೇ ವಾರ ಅಳಿಲು ಚಿಕ್ಕತಾಯಿ ಮೂರು ಮರಿ ಹಾಕಿತು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನಾಲ್ಕು ದಿನ ಏನೂ ತಿನ್ನದೆ ಚಿಕ್ಕತಾಯಿಯ ಹಾಲು ಬತ್ತಿತು. ಒದ್ದೆ ಕೊಂಬೆಗಳ ಮೇಲೆ ಜಾರುತ್ತ ಅದು ಮತ್ತಿಮರಕ್ಕೆ ಬಂತು. ಪೊಟರೆಯೊಳಗೆ ಒಂದಿಷ್ಟು ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ.

ಪುನುಗು ಬೇರಿನ ಮೇಲೆ ಕೂತು ಮುಖ ಸಣ್ಣದು ಮಾಡಿಕೊಂಡಿತ್ತು. ಅದರ ಹೊಟ್ಟೆ ಮಾತ್ರ ಸಣ್ಣದಾಗಿರಲಿಲ್ಲ.

"ಏನು ಮಾಡೋದು ತಾಯಿ" ಎಂದಿತು. "ಕಣಜ ಬ್ಯಾಂಕ್ರಪ್ಟ್ ಆಗಿದೆ."

ಸುದ್ದಿ ಕೇಳಿ ಎಲ್ಲರೂ ಬಂದು ಸೇರಿದರು. ಸಾವಿನ ಮನೆಯ ಮುಂದೆ ನಿಂತವರ ಹಾಗೆ ತಲೆ ತಗ್ಗಿಸಿದರು. "ಬ್ಯಾಂಕ್ರಪ್ಟ್ ಅಂದಮೇಲೆ ಮುಗೀತು" ಎಂದಿತು ಮುಸುವ. ಕರಡಿ ದೊಡ್ಡದಾಗಿ ಉಸಿರು ಬಿಟ್ಟಿತು. ಒಬ್ಬೊಬ್ಬರೇ ಹೊರಡಲು ತಿರುಗಿದರು.

ಚಿಕ್ಕತಾಯಿ ಮಾತ್ರ ಅಲ್ಲೇ ನಿಂತಿತ್ತು.

"ಪುಟ್ಟಸ್ವಾಮಣ್ಣ, ಈ ಶಾರ್ಟೇಜ್‌ನವರು, ವೇಸ್ಟೇಜ್‌ನವರು, ಡಿಪ್ರಿಸಿಯೇಷನ್‌ನವರು ಎಲ್ಲಿರ್ತಾರೆ?"

"ಯಾಕೆ?"

"ಇಷ್ಟೊಂದು ತಗೊಂಡು ಹೋಗಿದ್ದಾರಲ್ಲ. ಒಂದು ಬೊಗಸೆ ಉಳಿದಿದ್ದರೆ ಕೇಳಿ ತರ್ತೀನಿ. ನಾನೇನೂ ಬೈಯೋದಿಲ್ಲ. ಅವರ ಮನೇಲೂ ಮರಿಗಳಿರಬಹುದು. ನನ್ನ ಹಾಲು ಬತ್ತಿದೆ ಅಂತ ಹೇಳಿದರೆ ಕೊಡದೇ ಇರ್ತಾರಾ?"

ಮುಸುವಕ್ಕೆ ನಗು ಬಂದಿತ್ತು. ಅಳಿಲಿನ ಮುಖ ನೋಡಿ ಅದು ನಗಲಿಲ್ಲ.

ಮುಳ್ಳುಹಂದಿ ಅಜ್ಜಿ ಮುಳ್ಳು ಗಲಗಲ ಅನ್ನಿಸುತ್ತ ಮುಂದೆ ಬಂತು. "ಹೌದಪ್ಪ, ಅವಳು ಕೇಳಿದ್ದು ಸರಿ. ಆ ಮೂವರನ್ನೂ ಕರೆಸು. ಇಲ್ಲಿ ನಿಂತು ಹೇಳಲಿ. ಯಾರು, ಎಷ್ಟು, ಯಾರಿಗೆ."

"ಅಜ್ಜಿ, ಅವರು ಯಾರೂ ಅಲ್ಲ. ಅದು ತಾನಾಗಿ ಕಡಿಮೆ ಆಗೋದು."

"ಬಿದಿರಕ್ಕಿಗೆ ಕಾಲಿಲ್ಲವಲ್ಲ ಮಗ."

"ನಿಮಗೆ ಅರ್ಥ ಆಗೋದಿಲ್ಲ."

"ಆಗೋದಿಲ್ಲ. ಅದಕ್ಕೇ ಕೇಳ್ತಿದ್ದೀನಿ. ಕಡಿಮೆ ಆಗೋದಕ್ಕೆ ಒಂದು ಬಾಯಿ ಬೇಕು. ಯಾರ ಬಾಯಿ?"

ಪುನುಗು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಕರಡಿಗೆ ಈಗ ತನ್ನ ಬಗ್ಗೆಯೇ ನಾಚಿಕೆ ಆಗತೊಡಗಿತ್ತು. ಅದು ಪೊಟರೆಯೊಳಗೆ ಮೂತಿ ಹಾಕಿ ಮೂಸಿತು. ನೆಲ ಮೂಸುತ್ತ ಮರವನ್ನು ಬಳಸಿ ಹಿಂದೆ ಹೋಯಿತು. ಅಲ್ಲಿ ಒಂದು ಚಪ್ಪಟೆ ಬಂಡೆ ಇತ್ತು.

ಪುನುಗು ಬೆಕ್ಕಿಗೆ ಒಂದು ಅಭ್ಯಾಸ ಇದೆ ಮಕ್ಕಳೇ. ಅದು ದಿನಾ ಒಂದೇ ಬಂಡೆಯ ಮೇಲೆ ಹೊರಕಡೆಗೆ ಹೋಗುತ್ತದೆ. ಹಣ್ಣು ಅದರ ಹೊಟ್ಟೆಯಲ್ಲಿ ಕರಗುತ್ತದೆ, ಬೀಜ ಕರಗುವುದಿಲ್ಲ. ಆ ಬಂಡೆಯ ಮೇಲೆ ಎಲಚಿ ಬೀಜಗಳು ಗುಡ್ಡೆ ಬಿದ್ದಿದ್ದವು. ಮಳೆ ಅವನ್ನೆಲ್ಲ ತೊಳೆದು ಫಳಫಳ ಹೊಳೆಯುವಂತೆ ಮಾಡಿತ್ತು.

"ಪುಟ್ಟಸ್ವಾಮಿ" ಎಂದು ಕರಡಿ ಕರೆಯಿತು. "ಇದಕ್ಕೆ ಪೇಟೇಲಿ ಏನಂತಾರೆ?"

ಪುನುಗು ಬಾಯಿ ತೆರೆಯಿತು. ಮೂರು ವರ್ಷ ಅಟ್ಟದ ಮೇಲೆ ಕಲಿತದ್ದರಲ್ಲಿ ಒಂದು ಮಾತೂ ಬಾಯಿಗೆ ಬರಲಿಲ್ಲ.

ಅದನ್ನು ಒದ್ದು ಕಾಡಿನಿಂದ ಓಡಿಸೋಣ ಎಂದಿತು ಮುಸುವ. ಅಜ್ಜಿ ಕೇಳಲಿಲ್ಲ. "ಮೊದಲು ಬಂದು ಹೇಳಲಿ" ಎಂದು ಅದನ್ನು ಪೊಟರೆಯ ಮುಂದೆ ನಿಲ್ಲಿಸಿತು.

"ಪುನುಗು ಪುಟ್ಟಸ್ವಾಮಿ" ಎಂದು ಪುನುಗು ಗೊಣಗಿತು.

"ಕೇಳಿಸಲಿಲ್ಲ."

"ಪುನುಗು ಪುಟ್ಟಸ್ವಾಮಿ. ಕಣಜ ಪೂರ್ತಿ. ನನಗೆ." ಅದು ಕೂತುಬಿಟ್ಟಿತು. "ಬಿದಿರಕ್ಕಿ ಎಲ್ಲಾ ತಿಂದಿಲ್ಲ ಅಜ್ಜಿ. ತಾರೆಮರದ ಬಿರುಕಿನಲ್ಲಿ ಅಡಗಿಸಿಟ್ಟಿದ್ದೀನಿ."

ಕರಡಿ ಹೋಗಿ ಅದನ್ನು ತಂದಿತು. ಮೊದಲ ಬೊಗಸೆ ಚಿಕ್ಕತಾಯಿಗೆ ಸಿಕ್ಕಿತು. ಅದು ನಿಂತಲ್ಲೇ ನಾಲ್ಕು ಕಾಳು ತಿಂದು, ಮಿಕ್ಕಿದ್ದನ್ನು ಕೆನ್ನೆಯೊಳಗೆ ತುಂಬಿಕೊಂಡು ಮರಿಗಳ ಹತ್ತಿರ ಓಡಿತು.

ಉಳಿದ ಬಿದಿರಕ್ಕಿ ಆಷಾಢ ಮುಗಿಯುವವರೆಗೆ ಸಾಲುವಂತಿರಲಿಲ್ಲ. ಅದಕ್ಕೆ ಅಜ್ಜಿ ಒಂದು ತೀರ್ಮಾನ ಮಾಡಿತು. ಮಳೆ ನಿಲ್ಲುವ ತನಕ ದಿನಾ ಹೊರಗೆ ಹೋಗಿ ಹುಡುಕಿ ತರಬೇಕಾದವನು ಪುನುಗು. ಮೈ ಒದ್ದೆಯಾಗುವುದೆಂದರೆ ಪುನುಗಿಗೆ ಪ್ರಾಣಸಂಕಟ. ಆದರೂ ಹೋಯಿತು. ಜೊತೆಗೆ ಕರಡಿಯೂ ಎದ್ದಿತು.

"ನೀನ್ಯಾಕೆ ಜವರ?" ಎಂದಿತು ಅಜ್ಜಿ.

"ಅವನು ಮಾತು ಹೇಳ್ದ, ನಾನು ತಲೆ ತೂಗಿದೆ" ಎಂದಿತು ಕರಡಿ.

ಇಬ್ಬರೂ ಕೆಸರಿನಲ್ಲಿ ಜಾರಿ ಬಿದ್ದು, ಗೆಡ್ಡೆ ಗೆಣಸು ಅಗೆದು, ಬಿದ್ದ ಕಾಯಿ ಆರಿಸಿ ತಂದರು. ಹೀಗೆ ಹದಿನೆಂಟು ದಿನ. ಮಳೆ ಹೊಳವಾದ ದಿನ ಚಿಕ್ಕತಾಯಿಯ ಮರಿಗಳು ಕಣ್ಣು ಬಿಟ್ಟವು. ಗೂಡಿನ ಅಂಚಿನಿಂದ ಕೆಳಗೆ ಇಣುಕಿದಾಗ, ಮೈಯೆಲ್ಲ ತೊಪ್ಪೆಯಾಗಿ, ಮೂಗಿನಿಂದ ನೀರು ತೊಟ್ಟಿಕ್ಕುತ್ತ, ಬಾಯಲ್ಲಿ ಒಂದು ಕಾಯಿ ಕಚ್ಚಿಕೊಂಡು ಯಾರೋ ಮರ ಹತ್ತುತ್ತಿದ್ದರು.

"ಅವರು ಯಾರಮ್ಮ?" ಎಂದು ಮರಿ ಕೇಳಿತು.

ಚಿಕ್ಕತಾಯಿ ಕೆಳಗೆ ಇಣುಕಿ ನೋಡಿತು.

"ನಿಮಗೆ ಊಟ ತರೋ ಮಾವ" ಎಂದಿತು.

ಪುನುಗು ಕಾಯನ್ನು ಗೂಡಿನೊಳಗೆ ಇಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ಸರಸರ ಕೆಳಗೆ ಇಳಿಯಿತು.

ನೀತಿ: ನಷ್ಟವನ್ನು ಯಾರಾದರೂ ದೊಡ್ಡ ಮಾತಿನಲ್ಲಿ ಹೇಳಿದರೆ ತಲೆ ತೂಗಿ ಸುಮ್ಮನಾಗಬಾರದು, ತಿಂದವರು ಯಾರು ಎಂದು ನಮ್ಮ ಮಾತಿನಲ್ಲೇ ಕೇಳಬೇಕು.